ಮಿನಿ ಲೇತ್‌ಗೆ ಅಗ್ಗದ ಕ್ವಿಕ್ ಚೇಂಜ್ ಟೂಲ್ ಪೋಸ್ಟ್ ತಗೊಳ್ಳುವ ಮುಂಚೆ ಇದನ್ನು ಓದಿ

ಮನೆಯಲ್ಲಿ 7 ಇಂಚಿನ ಮಿನಿ ಲೇತ್ ಇಟ್ಟುಕೊಂಡವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಲೇತ್‌ನಲ್ಲಿ ಕತ್ತರಿಸುವ ಟೂಲನ್ನು ಹಿಡಿಯುವ ಭಾಗವೇ ಟೂಲ್ ಪೋಸ್ಟ್. ಟೂಲ್ ಕೂತ ಹೋಲ್ಡರನ್ನು ಲಿವರ್ ಸಡಿಲಿಸಿ ಥಟ್ಟನೆ ಬದಲಿಸಬಹುದಾದರೆ ಅದು ಕ್ವಿಕ್ ಚೇಂಜ್. 'ಎಲ್ಲ ಮಿನಿ ಲೇತ್‌ಗೂ ಕೂರುತ್ತದೆ' ಎಂದು ಆನ್‌ಲೈನ್‌ನಲ್ಲಿ ಮಾರುತ್ತಿದ್ದ ಅಂಥ ಅಲ್ಯೂಮಿನಿಯಂ ಸೆಟ್ ಒಂದನ್ನು ತರಿಸಿದ್ದೆ. ದುಡ್ಡು ಹೋಯಿತು. ಪಾರ್ಟಿಂಗ್ ಬ್ಲೇಡ್ (ರಾಡನ್ನು ತುಂಡು ಮಾಡುವ ತೆಳು ಟೂಲ್) ಮುರಿದು, ಅದರ ಚೂರು ಮುಖದ ಪಕ್ಕದಲ್ಲೇ ಹಾರಿತು. ಕನ್ನಡಕ ಹಾಕಿದ್ದರಿಂದ ಧೈರ್ಯವಾಗಿ ಹೇಳುತ್ತಿದ್ದೇನೆ, ಇಲ್ಲದಿದ್ದರೆ ಏನಾಗುತ್ತಿತ್ತೋ.

ಮೊದಲ ತೊಂದರೆ ಎತ್ತರದ್ದು. ಹೋಲ್ಡರನ್ನು ಪೂರ್ತಿ ಕೆಳಗಿಳಿಸಿದರೂ 12 ಮಿ.ಮೀ. ಟೂಲಿನ ತುದಿ ಸೆಂಟರ್‌ಗಿಂತ, ಅಂದರೆ ಜಾಬ್ (ನಾವು ಕತ್ತರಿಸುವ ಲೋಹದ ತುಂಡು) ತಿರುಗುವ ನಡುಗೆರೆಗಿಂತ, ಮೇಲೇ ನಿಲ್ಲುತ್ತಿತ್ತು. ತುದಿ ಮೇಲಿದ್ದರೆ ಟೂಲ್ ಕತ್ತರಿಸುವುದಿಲ್ಲ, ಅದರ ಹೊಟ್ಟೆ ಜಾಬ್‌ಗೆ ಉಜ್ಜುತ್ತದೆ. ಟೂಲ್ ಕೆಳಗಿದ್ದರೆ ಅಡಿಗೆ ಪ್ಯಾಕಿಂಗ್ (ತೆಳು ಪಟ್ಟಿ) ಕೊಟ್ಟು ಏರಿಸಬಹುದು. ಮೇಲಿದ್ದರೆ ಏನು ಮಾಡುತ್ತೀರಿ? ಸಣ್ಣ ಟೂಲ್ ಹಾಕಬೇಕು, ಇಲ್ಲವೇ ಹೋಲ್ಡರನ್ನೇ ಕೊರೆಯಬೇಕು.

'7 ಇಂಚು' ಎಂದರೆ ಬೆಡ್ ಮೇಲೆ ತಿರುಗಬಲ್ಲ ಜಾಬ್‌ನ ದೊಡ್ಡ ವ್ಯಾಸ, ಅಷ್ಟೇ. ಟೂಲ್ ಪೋಸ್ಟ್ ಕೂರುವುದು ಕಂಪೌಂಡ್ ಸ್ಲೈಡ್ (ಟೂಲನ್ನು ಹಿಂದೆ ಮುಂದೆ ಸರಿಸುವ ಮೇಲಿನ ಸ್ಲೈಡ್) ಮೇಲೆ. ಅಲ್ಲಿಂದ ಸ್ಪಿಂಡಲ್ ಸೆಂಟರ್‌ಗೆ ಎಷ್ಟು ಎತ್ತರ ಉಳಿಯುತ್ತದೆ ಎನ್ನುವುದು ಸ್ಲೈಡ್‌ಗಳ ದಪ್ಪವನ್ನು ನೆಚ್ಚಿಕೊಂಡಿದೆ. ಎರಡು 7 ಇಂಚಿನ ಲೇತ್‌ಗಳಲ್ಲಿ ಅದು ಬೇರೆ ಬೇರೆ ಇರಬಹುದು. ಹಾಗಾಗಿ ಮೊದಲು ವರ್ನಿಯರ್ ಹಿಡಿದು ನಿಮ್ಮ ಲೇತ್‌ನಲ್ಲಿ ಆ ಎತ್ತರ ಅಳೆಯಿರಿ. ಅದು 24 ಮಿ.ಮೀ. ಬಂತು ಎಂದುಕೊಳ್ಳಿ. ಹೋಲ್ಡರ್ ಅತಿ ಕೆಳಗಿದ್ದಾಗ ಟೂಲ್ ಕೂರುವ ತಳ 14 ಮಿ.ಮೀ. ಮೇಲಿದ್ದರೆ, 10 ಮಿ.ಮೀ.ಗಿಂತ ದಪ್ಪದ ಟೂಲ್ ನಡೆಯುವುದಿಲ್ಲ. ಈ ಎರಡನೇ ಅಳತೆಯನ್ನೇ ಆ ಜಾಹೀರಾತಿನಲ್ಲಿ ಕೊಟ್ಟಿರಲಿಲ್ಲ.

ದೊಡ್ಡದಾದರೆ ಗಟ್ಟಿ ಎಂದುಕೊಂಡು ಎಎಕ್ಸ್‌ಎ (AXA) ಎನ್ನುವ ಟೂಲ್ ಪೋಸ್ಟ್ ಸೈಜಿಗೂ ಹೋಗಬೇಡಿ. ಅದು ಸಾಮಾನ್ಯವಾಗಿ 9ರಿಂದ 12 ಇಂಚಿನ ಲೇತ್‌ಗಳಿಗೆ. ಅಗಲವಾದ ಪೋಸ್ಟ್ ಹಾಕಿದರೆ ಟೂಲ್ ಕಂಪೌಂಡ್‌ನಿಂದ ಹೊರಗೆ ಚಾಚಿ, ಸಣ್ಣ ಸ್ಲೈಡ್ ಇನ್ನೂ ಜಾಸ್ತಿ ಅದುರುತ್ತದೆ. 7 ಇಂಚಿಗೆ ಅದಕ್ಕಿಂತ ಚಿಕ್ಕದಾದ ಸೊನ್ನೆ-ಎಕ್ಸ್‌ಎ (0XA) ನೋಡಿ, ಅದನ್ನೂ ಅಳೆದೇ ತಗೊಳ್ಳಿ.

ಬ್ಲೇಡ್ ಮುರಿದದ್ದು ಎರಡನೇ ತೊಂದರೆಯಿಂದ. ಡವ್‌ಟೇಲ್ (ಹೋಲ್ಡರ್ ಪೋಸ್ಟ್‌ಗೆ ಸಿಕ್ಕಿಕೊಳ್ಳುವ ಓರೆ ಅಂಚಿನ ಜೋಡಣೆ) ಸರಿಯಾಗಿ ಕೂರುತ್ತಿರಲಿಲ್ಲ. ಲಿವರ್ ಬಿಗಿ ಮಾಡಿದ ಮೇಲೂ ಹೋಲ್ಡರಿನ ತುದಿ ಹಿಡಿದು ಅಲ್ಲಾಡಿಸಿದರೆ ಸಣ್ಣ ಆಟ (ಸಡಿಲ) ಕೈಗೆ ತಿಳಿಯುತ್ತಿತ್ತು. ಎಂಎಸ್ (ಮೈಲ್ಡ್ ಸ್ಟೀಲ್) ರಾಡ್ ಪಾರ್ಟಿಂಗ್ ಮಾಡುವಾಗ ಆ ಆಟವೇ ಬ್ಲೇಡನ್ನು ಜಾಬ್ ಒಳಕ್ಕೆ ಎಳೆಯಿತು. ಟೂಲ್ ಬಿಗಿ ಮಾಡುವ ಸ್ಕ್ರೂಗಳ ಥ್ರೆಡ್ ಕೂಡ ಕೆಲವೇ ದಿನದಲ್ಲಿ ಕಿತ್ತು ಬಂತು. ಅಲ್ಯೂಮಿನಿಯಂ ಅಲ್ವಾ.

ಹೋಲ್ಡರ್ ತೆಗೆದು ಮತ್ತೆ ಹಾಕಿದಾಗ ಟೂಲಿನ ತುದಿ ಅದೇ ಜಾಗಕ್ಕೆ ಬರಬೇಕು. ಅದಕ್ಕೇ ತಾನೇ ನಾವು ಇದಕ್ಕೆ ದುಡ್ಡು ಕೊಡುವುದು? ಡಯಲ್ ಗೇಜ್ (ಸ್ವಲ್ಪ ಸರಿದರೂ ಮುಳ್ಳಿನಲ್ಲಿ ತೋರಿಸುವ ಅಳತೆ ಸಾಧನ) ಇಟ್ಟು ನೋಡಿದೆ. ಪ್ರತಿ ಸಲವೂ ಮುಳ್ಳು ಬೇರೆ ಕಡೆ ನಿಲ್ಲುತ್ತಿತ್ತು. ಕ್ವಿಕ್ ಚೇಂಜ್‌ನಲ್ಲಿ ಹೋಲ್ಡರ್ ಬಿಗಿ ಹಿಡಿಯುವ ಮಾದರಿಗಳು ಬೇರೆ ಬೇರೆ. ಸ್ಟೀಲ್‌ನ ವೆಡ್ಜ್ ಮಾದರಿಯಲ್ಲಿ ಬೆಣೆಯೇ ಹೋಲ್ಡರನ್ನು ಪೋಸ್ಟ್‌ಗೆ ಎಳೆದು ಒತ್ತುತ್ತದೆ. ಪಿಸ್ಟನ್ ಮಾದರಿ ಹೋಲ್ಡರನ್ನು ಹೊರಕ್ಕೆ ತಳ್ಳಿ ಹಿಡಿಯುತ್ತದೆ. ಬಜೆಟ್ ಇದ್ದರೆ ವೆಡ್ಜ್ ತಗೊಳ್ಳಿ. ಇಲ್ಲದಿದ್ದರೆ ಲೇತ್ ಜೊತೆ ಬಂದ ನಾಲ್ಕು ಮುಖದ ಟೂಲ್ ಪೋಸ್ಟನ್ನೇ ಇಟ್ಟುಕೊಳ್ಳಿ. ಮುರಿದ ಹ್ಯಾಕ್ಸಾ ಬ್ಲೇಡಿನ ತುಂಡುಗಳು ಪ್ಯಾಕಿಂಗ್‌ಗೆ ಸಾಕು. ಪಾರ್ಟಿಂಗ್ ಮಾಡುವಾಗ ನಾನು ಈಗಲೂ ಆ ನಾಲ್ಕು ಮುಖದ ಪೋಸ್ಟನ್ನೇ ಹಾಕುತ್ತೇನೆ, ಅದು ಅಲ್ಲಾಡುವುದಿಲ್ಲ.

ಮಾರಾಟಗಾರರು ವಾಪಸ್ ತಗೊಳ್ಳಲಿಲ್ಲ. 'ಬಳಸಿದ ಗುರುತಿದೆ' ಎಂದರು. ಬಳಸದೆ ದೋಷ ಗೊತ್ತಾಗುವುದು ಹೇಗೆ? ಆದ್ದರಿಂದ ದುಡ್ಡು ಕಟ್ಟುವ ಮುಂಚೆಯೇ ತಳದ ಎತ್ತರವನ್ನು ವರ್ನಿಯರ್ ಇಟ್ಟು ಫೋಟೊ ತೆಗೆದು ಕಳಿಸಲು ಕೇಳಿ. ಕಳಿಸದಿದ್ದರೆ ಬಿಟ್ಟುಬಿಡಿ. ಪೆಟ್ಟಿಗೆ ತೆರೆಯುವಾಗ ವಿಡಿಯೊ ಮಾಡಿ. ಲೇತ್ ಆನ್ ಮಾಡುವ ಮೊದಲೇ ಹೋಲ್ಡರ್ ಅಲ್ಲಾಡಿಸಿ ನೋಡಿ, ಅದನ್ನೂ ವಿಡಿಯೊದಲ್ಲಿ ಸೇರಿಸಿ.