ಕಂಠೀರವದ ಮೇಲಿನ ಸ್ಟ್ಯಾಂಡಿಂದ ಶಿವಶಕ್ತಿ ಆಟ: ಬಿಎಫ್‌ಸಿ ಹೋಮ್ ಮ್ಯಾಚ್ ರಿವ್ಯೂ

ಬೆಂಗಳೂರು ಎಫ್‌ಸಿ (ಬಿಎಫ್‌ಸಿ, ನಮ್ಮೂರ ಫುಟ್‌ಬಾಲ್ ಕ್ಲಬ್) ಹೋಮ್ ಮ್ಯಾಚಿಗೆ ದುಡ್ಡು ಕೊಟ್ಟು ಹೋಗ್ಬೇಕಾ, ಇಲ್ಲ ಮನೇಲೇ ಟಿವಿಲಿ ನೋಡಿದ್ರೆ ಸಾಕಾ ಅಂತ ಕೇಳೋರಿಗೆಲ್ಲ ನಾನು ಹೇಳೋದು ಒಂದೇ, ಫಾರ್ವರ್ಡ್ ಶಿವಶಕ್ತಿ ನಾರಾಯಣನ್ ಆಡ್ತಾನೆ ಅಂದ್ರೆ ಖಂಡಿತ ಟಿಕೆಟ್ ತಗೊಳ್ಳಿ, ಅದೂ ಮೇಲಿನ ಸಾಲಿಂದು. ಯಾಕಂದ್ರೆ ಕ್ಯಾಮೆರಾ ಬಾಲ್ ಹಿಂದೆ ಓಡುತ್ತೆ, ಇವನ ಅಸಲಿ ಆಟ ಇರೋದು ಬಾಲ್ ಇಲ್ಲದೇ ಇರೋ ಕಡೆ.

ಮಿಡ್‌ಫೀಲ್ಡಲ್ಲಿ ಯಾರೋ ಬಾಲ್ ಇಟ್ಕೊಂಡು ತಲೆ ಎತ್ತೋಷ್ಟರಲ್ಲಿ ಇವನು ಎದುರು ಟೀಮಿನ ಸೆಂಟರ್ ಬ್ಯಾಕ್ (ನಡುವಿನ ಡಿಫೆಂಡರ್) ಭುಜದ ಪಕ್ಕ ಬಂದು ನಿಂತಿರ್ತಾನೆ, ಎರಡು ಹೆಜ್ಜೆ ಹಿಂದೆ ಬರ್ತಾನೆ, ಡಿಫೆಂಡರ್ ಅವನ ಜೊತೆ ಒಂದು ಹೆಜ್ಜೆ ಮುಂದೆ ಬಂದ ಅಂದ್ರೆ ಮುಗೀತು, ಪಟ್ ಅಂತ ತಿರುಗಿ ಅವನ ಬೆನ್ನ ಹಿಂದೆ ನುಗ್ತಾನೆ. ಹತ್ತು ಸಲ ಓಡಿದ್ರೆ ಒಂಬತ್ತು ಸಲ ಪಾಸ್ ಬರಲ್ಲ. ಆದ್ರೂ ಮತ್ತೆ ವಾಪಸ್ ಬಂದು ಮತ್ತೆ ಅದೇ ಓಟ. ಟಿವಿಲಿ ನೋಡೋರಿಗೆ ಇವನು ಹತ್ತು ನಿಮಿಷ ಕಾಣಿಸೋದೇ ಇಲ್ಲ, ಆಮೇಲೆ ಕಾಮೆಂಟಲ್ಲಿ ‘ಇವನೇನು ಮಾಡ್ದ ಇವತ್ತು’ ಅಂತ ಬರೀತಾರೆ, ನಂಗೆ ನಿಜವಾಗ್ಲೂ ಬೇಜಾರಾಗೋದು ಅಲ್ಲೇ.

ಸೀಟಿನ ವಿಷಯ ಹೇಳ್ಬಿಡ್ತೀನಿ. ಕಂಠೀರವ ಮೂಲತಃ ಅಥ್ಲೆಟಿಕ್ಸ್ ಸ್ಟೇಡಿಯಂ, ಪಿಚ್ ಸುತ್ತ ರನ್ನಿಂಗ್ ಟ್ರ್ಯಾಕ್ ಇದೆ, ಹಂಗಾಗಿ ಮುಂದಿನ ಸಾಲಲ್ಲಿ ಕೂತ್ರೆ ಆಟ ದೂರಾನೂ ಆಗುತ್ತೆ, ಆಳಾನೂ ಗೊತ್ತಾಗಲ್ಲ. ಮೇಲೆ ಹೋದ್ರೆ ಎರಡೂ ಟೀಮಿನ ಶೇಪ್, ಅಂದ್ರೆ ಯಾರು ಎಲ್ಲಿ ನಿಂತಿದ್ದಾರೆ ಅನ್ನೋದು, ಪೂರ್ತಿ ಕಾಣುತ್ತೆ, ಆಫ್‌ಸೈಡ್ ಲೈನ್ (ಡಿಫೆಂಡರ್‌ಗಳು ಹಿಡಿದು ನಿಲ್ಲೋ ಸಾಲು) ಎಲ್ಲಿ ಬಿರುಕು ಬಿಡ್ತಿದೆ ಅಂತಾನೂ. ಕೂಗಿ ಹಾಡಿ ನೋಡೋ ಆಸೆ ಇದ್ರೆ ಕ್ಲಬ್ಬಿನ ಫ್ಯಾನ್ ಗುಂಪು ವೆಸ್ಟ್ ಬ್ಲಾಕ್ ಬ್ಲೂಸ್ ಹುಡುಗರ ಹತ್ರ ನಿಂತ್ಕೊಳ್ಳಿ, 90 ನಿಮಿಷ ಬಾಯಿಗೆ ರೆಸ್ಟ್ ಇರಲ್ಲ, ಆದ್ರೆ ಓಟ ಸ್ಟಡಿ ಮಾಡ್ಬೇಕು ಅಂದ್ರೆ ಸ್ವಲ್ಪ ಪಕ್ಕಕ್ಕೆ ಹೋಗೋದು ಒಳ್ಳೇದು. ಕಬ್ಬನ್ ಪಾರ್ಕ್ ಮೆಟ್ರೋ ಇಳಿದು ನಡ್ಕೊಂಡೇ ಹೋಗ್ಬಹುದು.

ಈ ಹುಡುಗ ಎಲ್ಲಿಂದ ಬಂದ ಅಂತ ಗೊತ್ತಿದ್ರೆ ಆಟ ಇನ್ನೂ ಚೆನ್ನಾಗಿ ಅರ್ಥ ಆಗುತ್ತೆ. ಊರು ತಮಿಳುನಾಡಿನ ಶಿವಗಂಗೆ ಜಿಲ್ಲೆಯ ಕಂಡನೂರು, ಹುಟ್ಟಿದ್ದು 2001ರಲ್ಲಿ, ಇಂಡಿಯಾಗೆ ಆಡಿದ ರಾಮನ್ ವಿಜಯನ್ ಅವರ ಸಾಕರ್ ಸ್ಕೂಲಲ್ಲಿ ಕಲಿತು ಬಿಎಫ್‌ಸಿ ರಿಸರ್ವ್ ಟೀಮಿಗೆ ಬಂದ. 2022ರ ಸೆಪ್ಟೆಂಬರಲ್ಲಿ ಕೋಲ್ಕತ್ತಾದ ಸಾಲ್ಟ್ ಲೇಕ್ ಸ್ಟೇಡಿಯಂನಲ್ಲಿ ದೇಶದ ಹಳೇ ಟೂರ್ನಿ ಡ್ಯುರಾಂಡ್ ಕಪ್ ಫೈನಲ್, ಎದುರಿಗೆ ಮುಂಬೈ ಸಿಟಿ, ಮೊದಲ ಕಾಲು ಗಂಟೆಯೊಳಗೇ ಲಾಂಗ್ ಬಾಲ್ ಹಿಂದೆ ಓಡಿ ಮುಂದೆ ಬಂದ ಕೀಪರ್ ತಲೆ ಮೇಲಿಂದ ಲಾಬ್ ಮಾಡ್ಬಿಟ್ಟ. 2-1ಕ್ಕೆ ಗೆದ್ವಿ, ಕ್ಲಬ್ಬಿಗೆ ಮೊದಲ ಡ್ಯುರಾಂಡ್ ಅದು. ಆ ಸೀಸನ್ ದೇಶದ ಟಾಪ್ ಲೀಗ್ ಐಎಸ್ಎಲ್‌ನಲ್ಲಿ 6 ಗೋಲು, ಎಮರ್ಜಿಂಗ್ ಪ್ಲೇಯರ್ ಅವಾರ್ಡ್. ಕೋಚ್ ಸೈಮನ್ ಗ್ರೇಸನ್ ಇವನನ್ನ ಫಿಜಿಯ ಸ್ಟ್ರೈಕರ್ ರಾಯ್ ಕೃಷ್ಣ ಜೊತೆ ಮುಂದೆ ಇಟ್ಟು ಆಗಿನ ಇಂಡಿಯಾ ಕ್ಯಾಪ್ಟನ್ ಸುನಿಲ್ ಛೇತ್ರಿಯನ್ನ ಬೆಂಚಲ್ಲಿ ಕೂರಿಸ್ತಿದ್ರು ಅಂದ್ರೆ ಯೋಚ್ನೆ ಮಾಡಿ. ಲೀಗಿನ ಕೊನೇ 8 ಮ್ಯಾಚ್ ಸಾಲಾಗಿ ಗೆದ್ದಿದ್ದೂ ಆಗ್ಲೇ.

ಆಮೇಲೆ 2023ರ ಮಾರ್ಚ್ 18, ಗೋವಾದ ಫತೋರ್ಡಾದಲ್ಲಿ ಐಎಸ್ಎಲ್ ಫೈನಲ್. ಆಟ ಶುರುವಾಗಿ ಕೆಲವೇ ನಿಮಿಷಕ್ಕೆ ಇಂಜುರಿ, ಶಿವಶಕ್ತಿ ಹೊರಗೆ, ಛೇತ್ರಿ ಒಳಗೆ. 2-2 ಆಗಿ ಪೆನಾಲ್ಟಿಲಿ ಎಟಿಕೆ ಮೋಹನ್ ಬಗಾನ್ ಗೆಲ್ತು. ಇವನು ಪೂರ್ತಿ ಆಡಿದ್ರೆ ಏನಾಗ್ತಿತ್ತೋ ಅನ್ನೋದು ನಂಗೆ ಇವತ್ತಿಗೂ ಕಾಡುತ್ತೆ.

ಆ ಸೀಸನ್ನಿನ ಹಂಗೆ ಗೋಲು ಆಮೇಲೆ ಬರಲಿಲ್ಲ, ಬೆಂಚಿಂದ ಬರೋದೇ ಜಾಸ್ತಿ ಆಯ್ತು. ನನ್ನ ಪ್ರಕಾರ ಇದು ಇವನೊಬ್ಬನ ಕಥೆ ಅಲ್ಲ, ನಮ್ಮ ಲೀಗಲ್ಲಿ ಮುಂದಿನ ಜಾಗ ಅಂದ್ರೆ ಕ್ಲಬ್‌ಗಳು ಮೊದಲು ಫಾರಿನ್ ಸ್ಟ್ರೈಕರನ್ನೇ ಹುಡುಕ್ತಾರೆ, ಇಲ್ಲಿನ ಹುಡುಗರನ್ನ ವಿಂಗಿಗೆ ತಳ್ತಾರೆ ಇಲ್ಲ ಕೊನೇ 20 ನಿಮಿಷ ಕೊಡ್ತಾರೆ. ಅದ್ರ ಬೆಲೆ ಗೊತ್ತಲ್ಲ, 2024ರ ಜೂನಲ್ಲಿ ಇಂಟರ್‌ನ್ಯಾಷನಲ್ ಫುಟ್‌ಬಾಲ್ ಬಿಟ್ಟ ಛೇತ್ರಿ 2025ರ ಮಾರ್ಚಲ್ಲಿ 40ನೇ ವಯಸ್ಸಲ್ಲಿ ಮತ್ತೆ ಇಂಡಿಯಾ ಜರ್ಸಿ ಹಾಕ್ಬೇಕಾಯ್ತು. ಫಾರ್ವರ್ಡ್ ಬೆಳೆಯೋಕೆ ಮ್ಯಾಚ್ ಮೇಲೆ ಮ್ಯಾಚ್ ಸ್ಟಾರ್ಟ್ ಬೇಕು, ತಪ್ಪು ಮಾಡೋಕೂ ಟೈಮ್ ಬೇಕು.

ಐದಕ್ಕೆ ನಾಲ್ಕೂವರೆ ಕೊಡ್ತೀನಿ, ಅರ್ಧ ಕಟ್ ಮಾಡಿದ್ದು ಆ ಟ್ರ್ಯಾಕಿಗೆ. ಹೋಗೋರು ಒಂದು ಕೆಲಸ ಮಾಡಿ, ಐದು ನಿಮಿಷ ಬಾಲ್ ನೋಡೋದೇ ಬಿಟ್ಟು ಇವನೊಬ್ಬನನ್ನೇ ನೋಡಿ. ಬೆಂಚಲ್ಲಿದ್ರೆ 60ನೇ ನಿಮಿಷದ ಹೊತ್ತಿಗೆ ಟಚ್‌ಲೈನ್ ಕಡೆ ಕಣ್ಣಿಡಿ, ವಾರ್ಮ್ ಅಪ್‌ಗೆ ಎದ್ದಾಗ ಜೋರಾಗಿ ಹೆಸರು ಕೂಗಿ.