ಅಂಗಳದ ಸೋಲಾರ್ ಕುಕ್ಕರ್: ಏಳು ವರ್ಷ ಬಳಸಿದ ಮೇಲೆ

ನಮ್ಮ ಮನೆಯ ಸೋಲಾರ್ ಕುಕ್ಕರ್‌ಗೆ ಈಗ ಏಳು ವರ್ಷ. ಕನ್ನಡಿಯ ಒಂದು ಮೂಲೆ ಕಪ್ಪಾಗಿದೆ, ಹಿಡಿಕೆ ಕಿತ್ತುಹೋಗಿ ಅದರ ಜಾಗದಲ್ಲಿ ಚರ್ಮದ ಪಟ್ಟಿ ಬಂದಿದೆ, ಒಳಗಿನ ಗಾಜು ಎರಡು ಸಲ ಬದಲಾಗಿದೆ. ಇಂದು ಬೆಳಿಗ್ಗೆಯೂ ಅದರಲ್ಲಿ ಅನ್ನಕ್ಕೆ, ಬೇಳೆಗೆ ಇಟ್ಟೇ ಶಾಲೆಗೆ ಹೋಗಿದ್ದೆ. ಕೊಳ್ಳುವ ಮುಂಚೆ ನನ್ನ ಕಣ್ಣಿಗೆ ಬಿದ್ದ ವಿಮರ್ಶೆಗಳೆಲ್ಲ ಒಂದು ವಾರ, ಒಂದು ತಿಂಗಳು ಬಳಸಿದವರು ಬರೆದವು. ಮೂರನೆಯ ಮಳೆಗಾಲ ಕಳೆದ ಮೇಲೆ ಏನಾಗುತ್ತದೆ ಎಂದು ಹೇಳುವವರು ಸಿಗಲಿಲ್ಲ. ಅದನ್ನು ತಿಳಿಸಲೆಂದೇ ಇದನ್ನು ಬರೆಯುತ್ತಿದ್ದೇನೆ.

ನಾವು ಗದಗಿನವರು. ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ, ನಮ್ಮ ಯಜಮಾನರಿಗೆ ಹುಬ್ಬಳ್ಳಿಯಲ್ಲಿ ಕೆಲಸ. ಒಂಬತ್ತೂಕಾಲಿಗೆಲ್ಲ ಇಬ್ಬರೂ ಹೊರಟುಬಿಟ್ಟರೆ ಸಂಜೆಯವರೆಗೆ ಮನೆಯಲ್ಲಿ ಅತ್ತೆ ಒಬ್ಬರೇ. ಒಂದು ದಿನ ಅವರು ಕಾಯಿಸಲು ಇಟ್ಟ ಹಾಲು ಉಕ್ಕಿ ಒಲೆ ಆರಿತು, ಗ್ಯಾಸು ಸೋರುತ್ತಲೇ ಇತ್ತು. ಪಕ್ಕದ ಮನೆಯವರಿಗೆ ವಾಸನೆ ಬಡಿದಿದ್ದರಿಂದ ಅನಾಹುತ ತಪ್ಪಿತು. ಅಂದಿನಿಂದ ನಾನು ಹೊರಡುವಾಗ ಸಿಲಿಂಡರಿನ ರೆಗ್ಯುಲೇಟರ್ ಬಂದ್ ಮಾಡಿ ಹೋಗತೊಡಗಿದೆ. ಬೆಳಿಗ್ಗೆ ಏಳಕ್ಕೆ ಮಾಡಿಟ್ಟ ಅನ್ನವನ್ನು ಅತ್ತೆ ಮಧ್ಯಾಹ್ನ ಒಂದಕ್ಕೆ ತಣ್ಣಗೆ ಉಣ್ಣಬೇಕಾಯಿತು. ಅವರು ಒಂದು ಮಾತೂ ಆಡಲಿಲ್ಲ. ಆದರೆ ಸಂಜೆ ಪಾತ್ರೆ ತೆಗೆದರೆ ಅರ್ಧ ಅನ್ನ ಹಾಗೇ ಉಳಿದಿರುತ್ತಿತ್ತು.

ಆ ಉಳಿದ ಅನ್ನಕ್ಕಾಗಿ ನಾನು ಈ ಪೆಟ್ಟಿಗೆ ಕೊಂಡದ್ದು, 2018ರ ಫೆಬ್ರುವರಿಯಲ್ಲಿ. ಆಗ ನಾಲ್ಕು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಕ್ಕಿತು.

ನೋಡಲು ದೊಡ್ಡ ಸೂಟ್‌ಕೇಸಿನಂತಿದೆ. ಒಳಗೆ ಕಪ್ಪು ಬಳಿದ ಅಲ್ಯೂಮಿನಿಯಂ ತಟ್ಟೆ, ಸುತ್ತಲೂ ಶಾಖ ಹೊರಹೋಗದಂತೆ ಗಾಜಿನ ಉಣ್ಣೆ, ಮೇಲೆ ನಡುವೆ ಸಂದು ಬಿಟ್ಟು ಕೂರಿಸಿದ ಎರಡು ಗಾಜು, ಅದರ ಮೇಲಿನ ಮುಚ್ಚಳದ ಒಳಮೈಗೆ ಕನ್ನಡಿ. ಮುಚ್ಚಳ ಎತ್ತಿ ನಿಲ್ಲಿಸಿದರೆ ಕನ್ನಡಿಗೆ ಬಿದ್ದ ಬಿಸಿಲು ಮಡಚಿಕೊಂಡು ಪೆಟ್ಟಿಗೆಯೊಳಗೆ ಬೀಳುತ್ತದೆ. ಅಡುಗೆಗೆ ಮುಚ್ಚಳವಿರುವ ನಾಲ್ಕು ಡಬ್ಬಿಗಳು. ಕೆಳಗೆ ನಾಲ್ಕು ಗಾಲಿ.

ಇದರ ಶಕ್ತಿ ಎಷ್ಟೆಂದು ಮೊದಲೇ ಲೆಕ್ಕ ಹಾಕಿಕೊಳ್ಳುವುದು ಒಳ್ಳೆಯದು, ಆಗ ನಿರಾಸೆಯಾಗುವುದಿಲ್ಲ. ನಿಚ್ಚಳವಾದ ನಡುಹಗಲಿನಲ್ಲಿ ಒಂದು ಚದರ ಮೀಟರಿಗೆ ಬೀಳುವ ಬಿಸಿಲು ಸುಮಾರು 1000 ವ್ಯಾಟ್. ನನ್ನ ಪೆಟ್ಟಿಗೆಯ ಗಾಜು 50 ಸೆಂಟಿಮೀಟರ್ ಚೌಕ, ಅಂದರೆ ಕಾಲು ಚದರ ಮೀಟರ್. ಕನ್ನಡಿಯ ಪಾಲು ಸೇರಿಸಿದರೂ ಗ್ಯಾಸಿನ ಒಂದು ಸಣ್ಣ ಉರಿಗೂ ಇದು ಸಮನಲ್ಲ. ಹಾಗಿದ್ದೂ ಅನ್ನ ಬೇಯುತ್ತದೆ, ಏಕೆಂದರೆ ಗ್ಯಾಸಿನ ಉರಿಯ ದೊಡ್ಡ ಪಾಲು ಪಾತ್ರೆಯ ಪಕ್ಕದಿಂದ ಹಾರಿಹೋಗುತ್ತದೆ, ಇಲ್ಲಿ ಒಳಗೆ ಬಂದ ಶಾಖ ಒಳಗೇ ಕೂರುತ್ತದೆ. ಒಳ್ಳೆಯ ಬಿಸಿಲಿನಲ್ಲಿ ಖಾಲಿ ಪೆಟ್ಟಿಗೆಯೊಳಗೆ ಥರ್ಮಾಮೀಟರ್ ಇಟ್ಟಾಗ 120 ಡಿಗ್ರಿ ದಾಟಿದ್ದನ್ನು ನೋಡಿದ್ದೇನೆ. ಅಡುಗೆ ಇಟ್ಟಾಗ ಅದು ಸುಮಾರು ನೂರರ ಹತ್ತಿರ ನಿಲ್ಲುತ್ತದೆ. ಆದ್ದರಿಂದ ಹುರಿಯುವುದು, ಕರಿಯುವುದು, ಒಗ್ಗರಣೆ ಹಾಕುವುದು ಇದರಲ್ಲಿ ಸಾಧ್ಯವಿಲ್ಲ. ರೊಟ್ಟಿಯಂತೂ ಇಲ್ಲವೇ ಇಲ್ಲ. ಜೋಳದ ರೊಟ್ಟಿಯ ಮನೆಯಲ್ಲಿ ಇದೊಂದೇ ಒಲೆಯಾಗಲಾರದು.

ಆದರೆ ತಳ ಹತ್ತುವುದಿಲ್ಲ, ಸೀಯುವುದಿಲ್ಲ, ಉಕ್ಕುವುದಿಲ್ಲ. ಯಾರೂ ಕಾಯಬೇಕಿಲ್ಲ. ಹನ್ನೊಂದಕ್ಕೆ ಬೆಂದ ಅನ್ನ ಒಂದು ಗಂಟೆಗೂ ಹೊಗೆಯಾಡುತ್ತಿರುತ್ತದೆ. ನನಗೆ ಬೇಕಾಗಿದ್ದದ್ದು ಅಷ್ಟೇ.

ಬೆಳಿಗ್ಗೆಯ ಕೆಲಸ ಹೀಗೆ. ಎದ್ದೊಡನೆ ಬೇಳೆ ನೆನೆಹಾಕುತ್ತೇನೆ. ಎಂಟೂವರೆಗೆ ಖಾಲಿ ಪೆಟ್ಟಿಗೆಯನ್ನು ಅಂಗಳಕ್ಕೆ ತಳ್ಳಿ ಕನ್ನಡಿ ತೆರೆದಿಡುತ್ತೇನೆ, ಹೊರಡುವ ಹೊತ್ತಿಗೆ ಒಳಗೆ ಕೈಯಿಡಲಾಗದಷ್ಟು ಕಾದಿರುತ್ತದೆ. ಅಕ್ಕಿಗೆ ಗ್ಯಾಸಿನ ಮೇಲೆ ಇಡುವುದಕ್ಕಿಂತ ಸ್ವಲ್ಪ ಕಡಿಮೆ ನೀರು, ಇಲ್ಲಿ ಆವಿಯಾಗಿ ಹೋಗುವುದು ಕಡಿಮೆ. ಮೊದಲ ತಿಂಗಳು ಇದು ತಿಳಿಯದೆ ದಿನವೂ ಅನ್ನ ಮುದ್ದೆಯಾಗುತ್ತಿತ್ತು. ಡಬ್ಬಿಗಳನ್ನು ಇಟ್ಟು ಗಾಜು ಮುಚ್ಚಿದ ಮೇಲೆ ಕನ್ನಡಿ ಹೊಂದಿಸುವುದು. ಇದಕ್ಕೆ ಕೋನ ಅಳೆಯುವ ಸಾಧನ ಬೇಡ. ಕನ್ನಡಿಯನ್ನು ನಿಧಾನವಾಗಿ ಹಿಂದೆಮುಂದೆ ಮಾಡಿದರೆ ಕಪ್ಪು ತಟ್ಟೆಯ ಮೇಲೆ ಬೆಳಕಿನ ಚೌಕವೊಂದು ಜಾರುವುದು ಕಾಣುತ್ತದೆ. ಅದು ನಾಲ್ಕೂ ಡಬ್ಬಿಗಳ ಮುಚ್ಚಳದ ಮೇಲೆ ಹಾಸಿಕೊಂಡಾಗ ಕೈ ಬಿಟ್ಟು ತಿರುಪು ಬಿಗಿಯಬೇಕು. ಡಿಸೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ಕನ್ನಡಿ ಹೆಚ್ಚು ಕಡಿಮೆ ನೆಟ್ಟಗೆ ನಿಲ್ಲಬೇಕು. ಏಪ್ರಿಲ್ ಕೊನೆಗೆ ನಮ್ಮ ಊರಿನಲ್ಲಿ ನಡುಹಗಲ ಸೂರ್ಯ ನೆತ್ತಿಗೇ ಬರುತ್ತಾನೆ, ಆಗ ಅದು ಹಿಂದಕ್ಕೆ ಚೆನ್ನಾಗಿ ಒರಗಬೇಕು. ಜೊತೆಗೆ ಬಂದ ಸಲಹಾಪತ್ರದಲ್ಲಿ ಈ ವಿಷಯ ಒಂದು ಸಾಲೂ ಇರಲಿಲ್ಲ. ಅದು ಅರ್ಥವಾಗಲು ನನಗೆ ಒಂದು ವರ್ಷ ಹಿಡಿಯಿತು.

ಪೆಟ್ಟಿಗೆಯ ಮುಖ ಈಗಿನ ಸೂರ್ಯನ ಕಡೆಗಲ್ಲ, ಎರಡು ತಾಸಿನ ನಂತರ ಸೂರ್ಯ ಬರುವ ಕಡೆಗೆ ಇರಬೇಕು. ಹನ್ನೊಂದೂವರೆಗೆ ಅತ್ತೆ ಕಟ್ಟೆಯಿಂದ ಇಳಿದು, ಕೈಗೋಲಿನಿಂದ ಅದನ್ನು ಒಂದಿಷ್ಟು ತಿರುಗಿಸುತ್ತಾರೆ. ಅಂಗಳಕ್ಕೆ ಶಹಾಬಾದ್ ಕಲ್ಲು ಹಾಸಿರುವುದರಿಂದ ಗಾಲಿ ಸಲೀಸಾಗಿ ಉರುಳುತ್ತದೆ. ತಾರಸಿಯ ಮೇಲೆ ಇನ್ನೂ ಹೆಚ್ಚು ಹೊತ್ತು ಬಿಸಿಲಿದೆ, ಆದರೆ ಅಲ್ಲಿಗೆ ಅತ್ತೆ ಹತ್ತಲಾರರು. ಅಂಗಳದಲ್ಲಿ ಎರಡು ಗಂಟೆಗೆ ಬೇವಿನ ಮರದ ನೆರಳು ಬೀಳುತ್ತದೆ, ಅಷ್ಟರಲ್ಲಿ ಊಟ ಮುಗಿದಿರುತ್ತದೆ. ಗಾಜಿನ ಮುಚ್ಚಳ ತೆರೆಯುವಾಗ ಮಾತ್ರ ಮುಖ ಹಿಂದಕ್ಕಿರಬೇಕು, ಹಬೆ ಒಮ್ಮೆಲೇ ನುಗ್ಗುತ್ತದೆ. ಡಬ್ಬಿ ಎತ್ತಲು ದಪ್ಪ ಮಸಿಬಟ್ಟೆ ಬೇಕೇ ಬೇಕು. ಅತ್ತೆಗೆ ಉದ್ದ ಹಿಡಿಯ ಇಕ್ಕಳ ತಂದುಕೊಟ್ಟಿದ್ದೇನೆ.

ಮಾರ್ಚಿನಲ್ಲಿ ಅನ್ನಕ್ಕೆ ಒಂದೂವರೆ ಗಂಟೆ, ನೆನೆಸಿದ ತೊಗರಿಬೇಳೆಗೆ ಎರಡು ಗಂಟೆ ಸಾಕು. ಡಿಸೆಂಬರಿನಲ್ಲಿ ಬೇಳೆಗೆ ಇನ್ನೊಂದು ತಾಸು ಬೇಕಾಗುತ್ತದೆ. ಮಡಿಕೆಕಾಳು, ಗೆಣಸು, ಹಸಿ ಶೇಂಗಾ ಎಲ್ಲವೂ ಚೆನ್ನಾಗಿ ಬೇಯುತ್ತವೆ. ಹೋಳಿಗೆ ಮಾಡುವ ದಿನ ಕಡಲೆಬೇಳೆ ಇದರಲ್ಲೇ. ಕಾಳು ಒಡೆಯದೆ ಒಳಗಿನವರೆಗೂ ಮೆತ್ತಗಾಗುತ್ತದೆ, ಕಟ್ಟು ತಿಳಿಯಾಗಿ ಬಸಿದುಬರುತ್ತದೆ, ಕಟ್ಟಿನ ಸಾರಿನ ರುಚಿಯೇ ಬೇರೆ. ಎಲ್ಲಕ್ಕಿಂತ ಮೇಲಾದದ್ದು ಗೋಧಿ ಹುಗ್ಗಿ. ಕುಟ್ಟಿದ ಗೋಧಿಯನ್ನು ರಾತ್ರಿ ನೆನೆಸಿ, ಬೆಳಿಗ್ಗೆ ಇಟ್ಟು, ಮಧ್ಯಾಹ್ನ ಬೆಲ್ಲ ಬೆರೆಸಿ ಮತ್ತೆ ಒಂದು ಗಂಟೆ ಬಿಟ್ಟರೆ ಒಂದೊಂದು ಕಾಳೂ ಅರಳಿ ಬೆಲ್ಲ ಕುಡಿದಿರುತ್ತದೆ. ಗ್ಯಾಸಿನ ಮೇಲೆ ತಿರುವುತ್ತ ನಿಂತು ಮಾಡಿದ ಯಾವ ಹುಗ್ಗಿಯೂ ನಮ್ಮ ಮನೆಯಲ್ಲಿ ಇಷ್ಟು ಚೆನ್ನಾಗಿ ಆಗಿಲ್ಲ.

ಹುಣಿಸೆಹುಳಿ, ಟೊಮೆಟೊ ಹಾಕಿದ ಸಾರನ್ನು ಪೆಟ್ಟಿಗೆಯೊಡನೆ ಬಂದ ಅಲ್ಯೂಮಿನಿಯಂ ಡಬ್ಬಿಗಳಲ್ಲಿ ಬೇಯಿಸಬೇಡಿ. ಎರಡನೆಯ ವರ್ಷಕ್ಕೆ ಒಳಮೈಯಲ್ಲಿ ಸಣ್ಣ ಸಣ್ಣ ಗುಳಿಗಳು ಬಿದ್ದವು. ನಾನು ಅಷ್ಟೇ ಅಳತೆಯ ಸ್ಟೀಲ್ ಡಬ್ಬಿಗಳನ್ನು ಕೊಂಡು, ಹೊರಮೈಗೆ ಮಾತ್ರ ಶಾಲೆಯ ಕರಿಹಲಗೆಗೆ ಬಳಿಯುವ ಮಂಕು ಕಪ್ಪು ಬಣ್ಣ ಬಳಿದೆ. ಹೊಳೆಯುವ ಕಪ್ಪು ಬಣ್ಣ ಬೇಡ, ಅದು ಬಿಸಿಲನ್ನು ಹಿಂದಕ್ಕೆ ಎಸೆಯುತ್ತದೆ. ಬಳಿದ ಮೇಲೆ ಖಾಲಿ ಡಬ್ಬಿಗಳನ್ನು ಎರಡು ದಿನ ಬಿಸಿಲಿನಲ್ಲಿ ಕಾಯಿಸಿ, ವಾಸನೆ ಪೂರ್ತಿ ಹೋಗಿದೆಯೆಂದು ನೋಡಿಕೊಂಡೇ ಅಡುಗೆಗೆ ತೆಗೆದುಕೊಳ್ಳಬೇಕು.

ಇನ್ನು ಕೆಟ್ಟ ಸಂಗತಿಗಳು. ಮೂರನೆಯ ವರ್ಷ ಅಡುಗೆಗೆ ಹಿಡಿಯುವ ಹೊತ್ತು ಹೆಚ್ಚುತ್ತ ಹೋಯಿತು. ಕನ್ನಡಿಯ ದೋಷವೆಂದುಕೊಂಡು ತಿಕ್ಕಿದ್ದೇ ತಿಕ್ಕಿದ್ದು. ನಿಜವಾದ ಕಾರಣ ಗಾಜಿನ ಚೌಕಟ್ಟಿನ ಸುತ್ತಲಿನ ರಬ್ಬರ್ ಪಟ್ಟಿ. ಅದು ಬಿಸಿಲಿಗೆ ಕಲ್ಲಿನಂತೆ ಗಟ್ಟಿಯಾಗಿ, ಸಂದಿಯಿಂದ ಹಬೆ ಹೊರಹೋಗುತ್ತಿತ್ತು. ಮುಚ್ಚಳದಡಿ ಒಂದು ಕಾಗದದ ಚೂರು ಸಿಕ್ಕಿಸಿ ಎಳೆದು ನೋಡಿ, ಸಲೀಸಾಗಿ ಜಾರಿ ಬಂದರೆ ಪಟ್ಟಿ ಬದಲಾಯಿಸುವ ಕಾಲ ಬಂದಿದೆ ಎಂದರ್ಥ. ಮಾರಿದ ಅಂಗಡಿಯಲ್ಲಿ ಬಿಡಿಭಾಗ ಕೇಳಿದರೆ, ಆ ಮಾದರಿ ನಿಂತುಹೋಗಿದೆ, ಹೊಸದನ್ನೇ ಕೊಳ್ಳಿ ಎಂದರು. ನೂರಿನ್ನೂರು ರೂಪಾಯಿಯ ರಬ್ಬರಿಗಾಗಿ ಗಟ್ಟಿಮುಟ್ಟಾದ ಪೆಟ್ಟಿಗೆಯನ್ನು ಎಸೆಯಿರಿ ಎನ್ನುವ ಆ ಮಾತಿಗೆ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಶಾಖ ತಡೆಯುವ ಸಿಲಿಕೋನ್ ಪಟ್ಟಿಯನ್ನು ಹುಬ್ಬಳ್ಳಿಯಿಂದ ತರಿಸಿ ನಾವೇ ಅಂಟಿಸಿದೆವು. ಮಾರನೆಯ ದಿನವೇ ಬೇಳೆ ಹಳೆಯ ಹೊತ್ತಿಗೆ ಬೆಂದಿತು.

ಒಳಗಿನ ಗಾಜು ಮೊದಲ ಸಲ ಒಡೆದದ್ದು ನನ್ನ ತಪ್ಪಿನಿಂದ, ಕಾದ ಗಾಜಿನ ಮೇಲೆ ತಣ್ಣೀರು ಬಿತ್ತು. ಊರಿನ ಗಾಜಿನ ಅಂಗಡಿಯಲ್ಲಿ ಕಿಟಕಿಗೆ ಹಾಕುವ ಸಾಮಾನ್ಯ ಗಾಜನ್ನು ಕೊಯ್ಯಿಸಿ ಕೂರಿಸಿದೆ. ಅದು ಒಂದು ತಿಂಗಳೊಳಗೆ ತಾನಾಗಿ ಸೀಳಿತು. ನಡುಭಾಗ ಕುದಿಯುವಷ್ಟು ಕಾದು, ಚೌಕಟ್ಟಿನಡಿಯ ಅಂಚು ತಣ್ಣಗಿದ್ದರೆ ಸಾಮಾನ್ಯ ಗಾಜು ತಡೆಯುವುದಿಲ್ಲ. ಅಲ್ಲಿಗೆ ಟಫನ್ಡ್, ಅಂದರೆ ಕಾಯಿಸಿ ಗಟ್ಟಿಗೊಳಿಸಿದ ಗಾಜೇ ಆಗಬೇಕು. ಅದನ್ನು ಆಮೇಲೆ ಕೊಯ್ಯಲು ಬರುವುದಿಲ್ಲ, ಆದ್ದರಿಂದ ಅಳತೆಯನ್ನು ಮಿಲಿಮೀಟರ್ ಲೆಕ್ಕದಲ್ಲಿ ಕೊಟ್ಟು ಮಾಡಿಸಬೇಕು.

ಗಾಳಿಯ ಮಾತು ಹೇಳದಿದ್ದರೆ ಆಗದು. ಕಪ್ಪತಗುಡ್ಡದ ಮೇಲೆ ಗಾಳಿಯಂತ್ರಗಳನ್ನು ತಿರುಗಿಸುವ ಗಾಳಿಯೇ ಜೂನ್, ಜುಲೈ ತಿಂಗಳಲ್ಲಿ ನಮ್ಮ ಅಂಗಳಕ್ಕೂ ಬರುತ್ತದೆ. ಎತ್ತಿ ನಿಲ್ಲಿಸಿದ ಕನ್ನಡಿ ಅದಕ್ಕೆ ಹಾಯಿಯಿದ್ದಂತೆ. ಒಮ್ಮೆ ಧಡಾರನೆ ಮುಚ್ಚಿಕೊಂಡು ಅರೆಬೆಂದ ಅನ್ನ ಹಾಗೇ ಉಳಿದಿತ್ತು, ಕನ್ನಡಿ ಉಳಿದದ್ದು ಪುಣ್ಯ. ಈಗ ಮುಚ್ಚಳಕ್ಕೆ ಹಗ್ಗ ಕಟ್ಟಿ ಹಿಂದಿನ ಕಲ್ಲಿಗೆ ಬಿಗಿಯುತ್ತೇವೆ. ಆ ತಿಂಗಳುಗಳಲ್ಲಿ ಹೇಗೂ ಮೋಡ. ವಾರಕ್ಕೆ ಒಂದೆರಡು ದಿನ ಅಡುಗೆಯಾದರೆ ಹೆಚ್ಚು. ಉಳಿದ ದಿನ ಅತ್ತೆಗೆ ಬಿಸಿಯೂಟ ಪಕ್ಕದ ಮನೆಯಿಂದ ಬರುತ್ತದೆ, ಬೇಸಿಗೆಯಲ್ಲಿ ಅವರ ಬೇಳೆಯೂ ನಮ್ಮ ಪೆಟ್ಟಿಗೆಯಲ್ಲೇ ಬೇಯುತ್ತದೆ.

ಬಟ್ಟಲಿನಾಕಾರದ ದೊಡ್ಡ ಕನ್ನಡಿಯ ಕುಕ್ಕರನ್ನು ಕೊಳ್ಳಬಾರದಿತ್ತೇ ಎಂದು ಹಲವರು ಕೇಳುತ್ತಾರೆ. 1.4 ಮೀಟರ್ ಅಗಲದ ಅಂಥ ಡಿಶ್ ನಮ್ಮ ಪರಿಚಯದವರ ತೋಟದಲ್ಲಿದೆ, ಕೆಲವು ದಿನ ಅದರಲ್ಲೂ ಅಡುಗೆ ಮಾಡಿದ್ದೇನೆ. ಬಿಸಿಲನ್ನೆಲ್ಲ ಒಂದೇ ಬಿಂದುವಿಗೆ ತರುವುದರಿಂದ ಅದರಲ್ಲಿ ಒಗ್ಗರಣೆ ಸಿಡಿಯುತ್ತದೆ, ಪ್ರೆಶರ್ ಕುಕ್ಕರ್ ಸೀಟಿ ಹೊಡೆಯುತ್ತದೆ. ಹತ್ತು ಹದಿನೈದು ಜನರಿಗೆ ಅಡುಗೆ ಮಾಡುವವರಿಗೆ ಅದೇ ಸರಿ. ಆದರೆ ಸೂರ್ಯ ಗಂಟೆಗೆ 15 ಡಿಗ್ರಿ ಸರಿಯುವುದರಿಂದ ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ತಿರುಗಿಸಬೇಕು, ಕಣ್ಣಿಗೆ ಕಪ್ಪು ಕನ್ನಡಕ ಬೇಕು, ಕೆಲಸವಿಲ್ಲದಾಗ ಬಟ್ಟೆ ಮುಚ್ಚಿಡಬೇಕು, ಇಲ್ಲದಿದ್ದರೆ ಬೆಂಕಿಯ ಭಯ. ಒಬ್ಬರೇ ಇರುವ ಹಿರಿಯರ ಕೈಗೆ ಅದನ್ನು ಕೊಡಲು ನನಗೆ ಮನಸ್ಸಿಲ್ಲ.

ಹೊತ್ತೊಯ್ಯಲು ಸುಲಭವೇ ಎಂದರೆ, ಇಬ್ಬರಿದ್ದರೆ ಸುಲಭ. ಗಾಜಿನ ಭಾರಕ್ಕೆ ಹಿಡಿಕೆಯ ರಿವೆಟ್ ಮೊದಲ ವರ್ಷವೇ ಕಿತ್ತುಬಂತು. ಆದರೂ ಪ್ರತಿ ವರ್ಷ ಕಡಲೆ ಸುಗ್ಗಿಗೆ ಇದನ್ನು ಟಂಟಂನಲ್ಲಿ ಹೊಲಕ್ಕೆ ಒಯ್ಯುತ್ತೇವೆ. ಮೊದಲ ಸಲ ಬದುವಿನ ಮೇಲೆ ಇಟ್ಟಾಗ ಕಡಲೆ ಕೀಳಲು ಬಂದಿದ್ದ ಹೆಂಗಸರು ಸುತ್ತ ಕೂತು ನೋಡಿದರು. “ಅಕ್ಕಾ, ಇದರೊಳಗೆ ಬೆಂಕಿ ಎಲ್ಲಿದೆ?” ಎಂದು ಒಬ್ಬಳು ಕೇಳಿದಳು. ಮಧ್ಯಾಹ್ನ ಗಾಜು ತೆಗೆದು ಬದನೆಕಾಯಿ ಪಲ್ಯದ ಮುಚ್ಚಳ ಎತ್ತಿದಾಗ ಎದ್ದ ಹಬೆಗೆ ಕೈಯೊಡ್ಡಿ ನೋಡಿದ ಮೇಲೆಯೇ ಅವಳು ನಂಬಿದಳು. ಅವರವರು ತಂದ ರೊಟ್ಟಿಗೆ ಪಲ್ಯ ಹಂಚಿಕೊಂಡು ಉಂಡೆವು.

ಇದು ಈಚಿನ ಆಟಿಕೆ ಎನ್ನುವವರಿಗೆ ನಾನು ಶಾಲೆಯಲ್ಲಿ ಮಕ್ಕಳಿಗೆ ಹೇಳುವುದನ್ನೇ ಹೇಳುತ್ತೇನೆ. ಗಾಜು ಮುಚ್ಚಿದ ಪೆಟ್ಟಿಗೆಯಲ್ಲಿ ಬಿಸಿಲನ್ನು ಹಿಡಿದು ಕಾಯಿಸಿದ್ದು 1767ರಲ್ಲಿ, ಸ್ವಿಟ್ಜರ್ಲೆಂಡಿನ ಸೋಸ್ಯೂರ್ ಎಂಬ ವಿಜ್ಞಾನಿ. ನಮ್ಮ ದೇಶದಲ್ಲಿಯೇ, ಮುಂಬಯಿಯಲ್ಲಿದ್ದ ವಿಲಿಯಂ ಆಡಮ್ಸ್ ಎಂಬ ಆಂಗ್ಲರು ಎಂಟು ಮುಖದ ಕನ್ನಡಿಯ ಒಲೆ ಮಾಡಿ, ಜನವರಿಯ ಬಿಸಿಲಿನಲ್ಲಿ ಏಳು ಸೈನಿಕರ ಊಟವನ್ನು ಎರಡು ಗಂಟೆಯಲ್ಲಿ ಬೇಯಿಸಿದ್ದನ್ನು 1878ರಲ್ಲಿ ಬರೆದಿದ್ದಾರೆ.

ಈಗ ಬಾಕಿಯಿರುವುದು ಕನ್ನಡಿ. ಮಳೆಗಾಲದ ತೇವ ಅಂಚಿನಿಂದ ಒಳಸೇರಿ ಕಲಾಯಿ ಕಪ್ಪಾಗುತ್ತ ಬಂದಿದೆ, ಬೆಳಕಿನ ಚೌಕದಲ್ಲಿ ಆ ಮೂಲೆ ಈಗ ನೆರಳಾಗಿ ಬೀಳುತ್ತದೆ. ಹೊಸ ಕನ್ನಡಿಗೆ ಅಳತೆ ಕೊಟ್ಟಿದ್ದೇನೆ, ಈ ಸಲ ಅಂಚಿಗೆ ಸಿಲಿಕೋನ್ ಬಳಿದೇ ಕೂರಿಸುವವಳಿದ್ದೇನೆ. ಅದು ಬರುವವರೆಗೆ ಅತ್ತೆ ಅನ್ನದ ಡಬ್ಬಿಯನ್ನು ನೆರಳು ಬೀಳದ ಕಡೆಗೆ ಇಡಿಸಿಕೊಳ್ಳುತ್ತಿದ್ದಾರೆ.