ತಮಿಯಾದ ಝೀರೋ, ಹಳೆಯ ಅಚ್ಚಿನ ಝೀರೋ: ಎರಡನ್ನೂ ಕಟ್ಟಿ ನೋಡಿದ ಮೇಲೆ

ಜಪಾನಿನ ನೌಕಾಪಡೆಯ ಝೀರೋ ಯುದ್ಧವಿಮಾನದ ಮಾಡೆಲ್ 52 ಎಂಬ ಆವೃತ್ತಿಯನ್ನು ನಾನು ಒಂದೇ ವರ್ಷದಲ್ಲಿ ಎರಡು ಸಲ ಕಟ್ಟಿದ್ದೇನೆ, ಎರಡೂ 1/72 ಅಳತೆಯ, ಅಂದರೆ ನಿಜವಾದ ವಿಮಾನದ ಎಪ್ಪತ್ತೆರಡನೆಯ ಒಂದು ಭಾಗದಷ್ಟಿರುವ ಪ್ಲಾಸ್ಟಿಕ್ ಮಾದರಿಗಳು. ಮೊದಲನೆಯದು ಏಳುನೂರು ರೂಪಾಯಿಗೆ ಸಿಕ್ಕಿತೆಂದು ತಂದ, ಹಳೆಯ ಅಚ್ಚಿನಿಂದ ತೆಗೆದ ಒಂದು ಕಿಟ್. ಎರಡನೆಯದು ಇಂಥ ಕಿಟ್‌ಗಳನ್ನು ಮಾಡುವ ಜಪಾನಿನ ತಮಿಯಾ ಕಂಪನಿಯದು. ಅದಕ್ಕೆ ಎರಡು ಸಾವಿರದ ಹತ್ತಿರ ಕೊಟ್ಟೆ. ನನ್ನ ಒಲವು ತಮಿಯಾದ ಕಡೆಗೇ ಇದೆ. ಏಕೆಂದರೆ ಮೊದಲನೆಯ ಕಿಟ್‌ನ ರೆಕ್ಕೆಯ ಬುಡವೊಂದೇ ನನ್ನ ಎರಡು ತಿಂಗಳ ಭಾನುವಾರಗಳನ್ನು ತೆಗೆದುಕೊಂಡಿತು.

ಒಡಲಿನ ಎರಡು ಹೋಳುಗಳನ್ನು ಅಂಟಿಸಿ, ಒಣಗಿದ ಮೇಲೆ ರೆಕ್ಕೆಯನ್ನು ಅಂಟು ಹಚ್ಚದೆ ಕೆಳಗಿನಿಂದ ಕೂರಿಸಿ ನೋಡಿದಾಗ, ಎಡಗಡೆ ಕೂದಲೆಳೆಯಷ್ಟು ಸಂದಿತ್ತು, ಬಲಗಡೆ ಪೂರ್ತಿ ಒಂದು ಮಿಲಿಮೀಟರ್ ಇತ್ತು. ಕೇಳುವುದಕ್ಕೆ ಇದು ಸಣ್ಣ ಲೆಕ್ಕ. ಆದರೆ ಈ ಅಳತೆಯಲ್ಲಿ ಒಂದು ಮಿಲಿಮೀಟರ್ ಎಂದರೆ ನಿಜವಾದ ವಿಮಾನದಲ್ಲಿ ಏಳು ಸೆಂಟಿಮೀಟರಿಗೂ ಹೆಚ್ಚು. ಕೈ ತೂರಿಸಬಹುದಾದಷ್ಟು ದೊಡ್ಡ ಬಿರುಕು. ಅದರಲ್ಲೂ ಝೀರೋದಲ್ಲಿ ಇಂಥ ಬಿರುಕನ್ನು ಬಿಡುವ ಹಾಗಿಲ್ಲ. ಜಿರೋ ಹೊರಿಕೋಶಿ ಈ ವಿಮಾನವನ್ನು ರೂಪಿಸುವಾಗ ತೂಕ ಉಳಿಸುವುದಕ್ಕಾಗಿ ರೆಕ್ಕೆಯನ್ನೂ ಒಡಲಿನ ಮುಂಭಾಗವನ್ನೂ ಒಂದೇ ಕಟ್ಟಾಗಿ ಮಾಡಿದ್ದರು. ರೆಕ್ಕೆಯನ್ನು ಬೇರೆಯಾಗಿ ತಂದು ಬೋಲ್ಟು ಹಾಕಿ ಬಿಗಿಯುವ ಭಾರವಾದ ಜೋಡಣೆ ಅಲ್ಲಿರಲಿಲ್ಲ. ರೆಕ್ಕೆ ಒಡಲಿನಿಂದಲೇ ಹರಿದು ಬಂದಂತೆ ಕಾಣುವ ಆ ಬಾಗು ಕೆಟ್ಟರೆ ಕಣ್ಣಿಗೆ ಮೊದಲು ಬೀಳುವುದೇ ಅದು.

ಮೊದಲು ನಾನು ಬಲರೆಕ್ಕೆಯ ತುದಿಯನ್ನು ಸ್ವಲ್ಪ ಮೇಲಕ್ಕೆತ್ತಿ, ಟೇಪು ಸುತ್ತಿ, ಸಂದು ಮುಚ್ಚುವಂತೆ ಎಳೆದು ಅಂಟಿಸಿದೆ. ಮರುದಿನ ಟೇಪು ಬಿಚ್ಚಿ ಎದುರಿನಿಂದ ನೋಡಿದರೆ ಬಲರೆಕ್ಕೆ ಎಡರೆಕ್ಕೆಗಿಂತ ಎತ್ತರದಲ್ಲಿ ನಿಂತಿತ್ತು. ಅದನ್ನು ಬಿಡಿಸಿ, ಎರಡನ್ನೂ ಸಮ ಮಾಡಿ, ಉಳಿದ ಸಂದಿಗೆ ಪುಟ್ಟಿ ತುಂಬಿದೆ. ಪುಟ್ಟಿ ಒಣಗುತ್ತಾ ಕುಗ್ಗಿ ನಡುವೆ ತಗ್ಗಾಯಿತು. ಮತ್ತೆ ತುಂಬಿ, ಒರಟಾದ 400ರ ಉಪ್ಪುಕಾಗದದಿಂದ ಆರಂಭಿಸಿ ನಯವಾದ 1200ರವರೆಗೆ ನೀರು ಹಚ್ಚಿ ಉಜ್ಜಿದೆ. ಬಿರುಕು ಮುಚ್ಚಿತು ನಿಜ, ಆದರೆ ಇನ್ನೊಂದು ತೊಂದರೆ ಎದ್ದಿತು. ಹಳೆಯ ಅಚ್ಚುಗಳಲ್ಲಿ ತಗಡಿನ ಹಾಳೆಗಳ ಗೆರೆಗಳು ಕೊರೆದವಾಗಿರದೆ ಉಬ್ಬಿದವಾಗಿರುತ್ತವೆ. ಉಜ್ಜಿದ ಜಾಗದಲ್ಲೆಲ್ಲ ಆ ಗೆರೆಗಳು ಅಳಿಸಿಹೋಗಿ, ರೆಕ್ಕೆಯ ಬುಡದ ಸುತ್ತ ಎರಡು ಬೆರಳಗಲ ಬೋಳಾಗಿ ಉಳಿಯಿತು. ಕೊರೆದ ಗೆರೆಯಾದರೆ ಸೂಜಿಯಿಂದ ಮತ್ತೆ ಕೆತ್ತಬಹುದು. ಉಬ್ಬು ಗೆರೆಯನ್ನು ಮತ್ತೆ ಎಬ್ಬಿಸುವುದು ನನ್ನಿಂದಾಗದ ಕೆಲಸ. ಕೊನೆಗೆ ಬೂದು ಪ್ರೈಮರ್ ಹೊಡೆದಾಗ ಪುಟ್ಟಿಯ ಅಂಚು ಮತ್ತೆ ಕಾಣಿಸಿಕೊಂಡಿತು, ಮೂರನೆಯ ಸಲ ಉಜ್ಜಬೇಕಾಯಿತು.

ಇದಕ್ಕೆ ಸರಿಯಾದ ಉಪಾಯ ನನಗೆ ತಿಳಿದದ್ದು ಎಲ್ಲ ಮುಗಿದ ಮೇಲೆ. ಬಿಡಿಭಾಗಗಳನ್ನು ಹಿಡಿದಿರುವ ಪ್ಲಾಸ್ಟಿಕ್ ಕಡ್ಡಿಯಿಂದ ಒಂದು ತುಂಡನ್ನು ಒಡಲಿನ ಒಳಗಿನ ಅಗಲಕ್ಕಿಂತ ತುಸುವೇ ಉದ್ದವಾಗಿ ಕತ್ತರಿಸಿ, ರೆಕ್ಕೆ ಅಂಟಿಸುವ ಮೊದಲು ಕೆಳಗಿನ ತೆರಪಿನಿಂದ ಅಡ್ಡಲಾಗಿ ಸಿಕ್ಕಿಸಬೇಕು. ಒಡಲು ಎರಡೂ ಬದಿಗೆ ಕೂದಲಿನಷ್ಟು ಅಗಲಿಸಿ ರೆಕ್ಕೆಯ ಬುಡವನ್ನು ಮುಟ್ಟುತ್ತದೆ, ಪುಟ್ಟಿಯ ಅಗತ್ಯವೇ ಬಹಳ ಮಟ್ಟಿಗೆ ತಪ್ಪುತ್ತದೆ. ಹಳೆಯ ಕಿಟ್ ಈಗಾಗಲೇ ಮನೆಯಲ್ಲಿರುವವರು ದಯವಿಟ್ಟು ಇದನ್ನು ಮೊದಲೇ ಮಾಡಿ.

ತಮಿಯಾದ ಕಿಟ್‌ನಲ್ಲಿ ಇದೇ ಹಂತಕ್ಕೆ ಬಂದಾಗ ನಾನು ಅಭ್ಯಾಸಬಲದಿಂದ ಕಡ್ಡಿಯ ತುಂಡನ್ನು ಕತ್ತರಿಸಿ ಪಕ್ಕದಲ್ಲಿ ಇಟ್ಟುಕೊಂಡಿದ್ದೆ. ರೆಕ್ಕೆ ಕೂರಿಸಿ ದೀಪಕ್ಕೆ ಹಿಡಿದು ನೋಡಿದೆ. ಎರಡೂ ಕಡೆ ಬೆಳಕು ತೂರಲಿಲ್ಲ. ತೆಳು ಅಂಟನ್ನು ಕುಂಚದ ತುದಿಯಿಂದ ಬುಡಕ್ಕೆ ಮುಟ್ಟಿಸಿದರೆ ಸಾಕು, ಅದೇ ಸಂದಿನುದ್ದಕ್ಕೂ ಹರಿದು ಹೋಯಿತು. ಆ ಕೆಲಸಕ್ಕೆ ಹತ್ತು ನಿಮಿಷ ಹಿಡಿಯಿತು. ಗೆರೆಗಳೆಲ್ಲ ಸಣ್ಣಗೆ ಕೊರೆದವು, ಒಂದೂ ಅಳಿಯಲಿಲ್ಲ.

ಮಾಡೆಲ್ 52ರ ಗುರುತೇ ಬಿಡಿ ಬಿಡಿಯಾಗಿ ಹೊರಗೆ ಬರುವ ಹೊಗೆ ಕೊಳವೆಗಳು. ತಮಿಯಾದಲ್ಲಿ ಅವು ಕೊಳವೆಗಳಂತೆಯೇ ಕಾಣುತ್ತವೆ. ಹಳೆಯದರಲ್ಲಿ ಅವು ಬರೀ ಗುಬುಟುಗಳು. ಪೈಲಟ್ ಕೂರುವ ಜಾಗದ ಗಾಜು ಹಳೆಯದರಲ್ಲಿ ದಪ್ಪ, ಒಳಗಿನದು ಮಸುಕು. ಕಂಬಿಗಳಿಗಷ್ಟೇ ಬಣ್ಣ ತಾಗುವಂತೆ ಗಾಜಿಗೆ ಟೇಪು ಕತ್ತರಿಸಿ ಅಂಟಿಸುವ ಬೇಸರದ ಕೆಲಸ ಎರಡಕ್ಕೂ ಒಂದೇ.

ಹಳೆಯ ಕಿಟ್‌ನ ಡಿಕಾಲ್‌ಗಳು, ಅಂದರೆ ನೀರಿನಲ್ಲಿ ನೆನೆಸಿ ಅಂಟಿಸುವ ಗುರುತಿನ ಚಿತ್ರಗಳು, ಹಳದಿಯಾಗಿದ್ದವು. ನೀರಿಗೆ ಹಾಕಿದ ಕೂಡಲೇ ಜಪಾನಿನ ಗುರುತಾದ ಒಂದು ಕೆಂಪು ಸೂರ್ಯ ಮೂರು ಚೂರಾಯಿತು. ಅದರಿಂದ ಒಳ್ಳೆಯದೇ ಆಯಿತು: ಕೈವಾರಕ್ಕೆ ಬ್ಲೇಡಿನ ತುಂಡು ಕಟ್ಟಿ ಟೇಪಿನಲ್ಲಿ ವೃತ್ತ ಕತ್ತರಿಸಿ ಸೂರ್ಯಗಳನ್ನು ಬಣ್ಣದಲ್ಲೇ ಹೊಡೆದೆ, ಅವು ಡಿಕಾಲ್‌ಗಿಂತ ಚೆನ್ನಾಗಿ ಬಂದವು. ತಮಿಯಾದ ಡಿಕಾಲ್‌ಗಳು ಒಡೆಯುವುದಿಲ್ಲವಾದರೂ ಸ್ವಲ್ಪ ದಪ್ಪ, ಆದ್ದರಿಂದ ಅಲ್ಲಿಯೂ ನಾನು ಬಣ್ಣವನ್ನೇ ಹೊಡೆದೆ.

ಬಣ್ಣದ ವಿಷಯದಲ್ಲಿ ಕಿಟ್‌ಗಿಂತ ನೀವು ಆರಿಸುವ ಕಾರ್ಖಾನೆ ಮುಖ್ಯ. ಝೀರೋವನ್ನು ರೂಪಿಸಿದ್ದು ಮಿತ್ಸುಬಿಷಿಯಾದರೂ ಹೆಚ್ಚು ಸಂಖ್ಯೆಯಲ್ಲಿ ತಯಾರಿಸಿದ್ದು ನಕಾಜಿಮಾ. ಮೇಲಿನ ಹಸಿರು ಮತ್ತು ಕೆಳಗಿನ ಬೂದು ಸೇರುವ ಗಡಿ ಮಿತ್ಸುಬಿಷಿಯ ವಿಮಾನಗಳಲ್ಲಿ ಬಾಲದ ಕಡೆಗೆ ಹೆಚ್ಚುಕಡಿಮೆ ನೇರವಾಗಿ ಸಾಗಿದರೆ, ನಕಾಜಿಮಾದವುಗಳಲ್ಲಿ ಬಾಲದ ರೆಕ್ಕೆಯತ್ತ ಮೇಲಕ್ಕೆ ಬಾಗುತ್ತದೆ. ಟೇಪು ಅಂಟಿಸುವ ಮೊದಲೇ ಇದನ್ನು ನಿರ್ಧರಿಸಿಕೊಳ್ಳಬೇಕು. ನಾನು ಎರಡಕ್ಕೂ ತಮಿಯಾದ ಎಕ್ಸ್‌ಎಫ್-11 ಹಸಿರನ್ನೂ ಎಕ್ಸ್‌ಎಫ್-12 ಬೂದನ್ನೂ ಬಳಸಿದೆ.

ನನಗೆ ಈ ಹವ್ಯಾಸಕ್ಕೆ ಸಿಗುವುದು ಭಾನುವಾರದ ಎರಡು ತಾಸು, ವರ್ಷಕ್ಕೆ ಮೂರೋ ನಾಲ್ಕೋ ಕಿಟ್ ಕೊಳ್ಳುವಷ್ಟು ಹಣ. ಈ ಲೆಕ್ಕದಲ್ಲಿ ಎರಡು ಸಾವಿರ ಕೊಟ್ಟು ಒಂದು ತಿಂಗಳಲ್ಲಿ ಮುಗಿಯುವ ಝೀರೋ ನನಗೆ ಅಗ್ಗ. ಪುಟ್ಟಿ ತುಂಬುವುದನ್ನೂ ಗೆರೆ ಕೊರೆಯುವುದನ್ನೂ ಕಲಿಯಲೆಂದೇ ಕಿಟ್ ಹುಡುಕುವವರು, ಕಾಲೇಜಿನ ರಜೆಯಲ್ಲಿ ದಿನವಿಡೀ ಕೂರಬಲ್ಲವರು ಹಳೆಯದನ್ನು ಕೊಂಡರೆ ನಾನು ಬೇಡವೆನ್ನುವುದಿಲ್ಲ. ನನ್ನ ಹಳೆಯ ಝೀರೋ ಕಪಾಟಿನಲ್ಲಿ ತಮಿಯಾದ ಪಕ್ಕದಲ್ಲೇ ನಿಂತಿದೆ, ಬಲರೆಕ್ಕೆಯ ಬುಡ ಗೋಡೆಯ ಕಡೆಗೆ. ದೀಪಾವಳಿಗೆ ತಮಿಯಾದವರದೇ ಮಾಡೆಲ್ 21 ತರಿಸುತ್ತಿದ್ದೇನೆ.